ಉಮೇದು

ಹಾವೇರಿ ಸೀಮೆಯಲ್ಲಿ ಯಾರಾದರೂ ಲವಲವಿಕೆಯಿಂದ ಓಡಾಡುತ್ತಿದ್ದರೆ ‘ಇವತ್ತ ಭಾಳ ಉಮೇದಿನ್ಯಾಗ ಅದಾನ’ ಎನ್ನುತ್ತಾರೆ. ಮೂಲ ಪಾರ್ಸಿ, ಅಲ್ಲಿ ಇದಕ್ಕೆ ಭರವಸೆ, ನಿರೀಕ್ಷೆ ಎಂದರ್ಥ. ಹಿಂದಿಯಲ್ಲಿ ಇಂದಿಗೂ ಅಷ್ಟೇ. ಮರಾಠಿ, ಕನ್ನಡಗಳಲ್ಲಿ ಮಾತ್ರ ಪದ ಮೈ ಕೊಡವಿ ಎದ್ದು ಉತ್ಸಾಹವಾಯಿತು. 1956ರವರೆಗೆ ಮುಂಬಯಿ ಆಡಳಿತದಲ್ಲಿದ್ದ ಈ ಭಾಗಕ್ಕೆ ಜಮೀನು, ತಾರೀಖುಗಳಂತೆ ಇದೂ ಒಗ್ಗಿಹೋಗಿದೆ.

ಹಳೆಯ ಅರ್ಥ ಪೂರ್ತಿ ಅಳಿದಿಲ್ಲ. ಚುನಾವಣೆಗೆ ನಿಂತವನು ಉಮೇದುವಾರ, ಅಂದರೆ ಆಸೆ ಇಟ್ಟುಕೊಂಡವನು. ರಾಣೇಬೆನ್ನೂರಿನಲ್ಲಿ ನಾಮಪತ್ರ ಸಲ್ಲಿಸುವ ದಿನದ ಡೊಳ್ಳು, ಪಟಾಕಿ ಕೇಳಿದವರಿಗೆ ಎರಡೂ ಅರ್ಥ ಒಟ್ಟಿಗೇ ಹೊಳೆದಾವು!

ಹುರುಪು ಬೇರೆ. ನನ್ನ ಕಿವಿಗೆ ಹುರುಪು ಮೈಯದು, ಉಮೇದು ಮನಸ್ಸಿನದು. ದೀಪಾವಳಿ ಕಳೆದ ಮೇಲೆ ಈ ಜಿಲ್ಲೆಯಲ್ಲಿ ಹೋರಿ ಬೆದರಿಸುವ ಹಬ್ಬ. ಕೊರಳಿಗೆ ಕೊಬ್ಬರಿ ಹಾರ, ಕೋಡಿಗೆ ಬಲೂನು ಕಟ್ಟಿಸಿಕೊಂಡು ಜನರ ನಡುವೆ ನುಗ್ಗುವ ಹೋರಿಗೆ ಹುರುಪು. ಆ ಕೊಬ್ಬರಿ ಹರಿಯಲು ಕಾದು ನಿಂತ ಹುಡುಗರಿಗೆ ಉಮೇದು. ಹೋರಿಗೇನೂ ಆಸೆಯಿಲ್ಲ ನೋಡಿ.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಚೀಲ ಇಳಿಸಿ ಧಾರಣೆಗಾಗಿ ಕಾಯುವ ರೈತನೂ ಉಮೇದಿನವನೇ. ಧಾರಣೆ ಕುಸಿದರೆ ‘ಉಮೇದ ಹೋತ್ರಿ’ ಎನ್ನುತ್ತಾನೆ. ಆಗ ಹೋದದ್ದು ಹುಮ್ಮಸ್ಸೋ, ಪಾರ್ಸಿಯ ಆ ಭರವಸೆಯೋ ಎಂದು ಬಿಡಿಸಿ ಹೇಳುವುದು ಕಷ್ಟ.