ಮಗು ಆಸ್ಪತ್ರೆಗೆ ಸೇರಿದೆ ಅಂತ ಟಿಸಿ ತಗೋಬೇಡಿ: ಪೋಷಕರಿಗೆ ಗೊತ್ತಿರಬೇಕಾದ ಮಾಹಿತಿ

ಮಗುವಿಗೆ ದೊಡ್ಡ ಕಾಯಿಲೆ ಅಂತ ಗೊತ್ತಾದ ದಿನ ಯಾರಿಗೂ ಶಾಲೆ ನೆನಪಿಗೆ ಬರೋದಿಲ್ಲ. ಅಂಗಡಿ ಬಾಗಿಲು ಹಾಕಿ, ಸಿಕ್ಕಷ್ಟು ದುಡ್ಡು ಹೊಂದಿಸಿಕೊಂಡು ಬೆಂಗಳೂರು ಬಸ್ ಹತ್ತುತ್ತಾರೆ. ಅದು ಸಹಜ. ಆದರೆ ಚಿಕಿತ್ಸೆ ಮುಗಿಸಿ ಬಂದಾಗ ಮಗುವಿನ ಹೆಸರೇ ಹಾಜರಿ ಪುಸ್ತಕದಲ್ಲಿ ಇಲ್ಲದಿದ್ದರೆ ಮತ್ತೊಂದು ಓಡಾಟ ಶುರು.

ನಮ್ಮ ಪೇಟೆಯ ಒಬ್ಬ ಅಂಗಡಿಯವರಿಗೆ ಹೀಗೇ ಆಯ್ತು. ತುಂಬಾ ದಿನ ರಜೆ ಆಗುತ್ತೆ, ಟಿಸಿ ತಗೊಂಡು ಹೋಗಿ ಅಂತ ಶಾಲೆಯವರು ಹೇಳಿದರಂತೆ. ಇವರು ಗಾಬರಿಯಲ್ಲಿ ಸಹಿ ಹಾಕಿ ಬಂದರು. ಹಾಗೆ ಮಾಡಲೇಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ 8ನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ಈಗಾಗಲೇ ಶಾಲೆ ಬಿಟ್ಟಿದ್ದರೂ 4ನೇ ಸೆಕ್ಷನ್ ಇದೆ. ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಂಡು, ತಪ್ಪಿಹೋದ ಪಾಠಕ್ಕೆ ವಿಶೇಷ ತರಬೇತಿ ಕೊಡಬೇಕು. ಅಂದರೆ 6ನೇ ತರಗತಿ ವಯಸ್ಸಿನ ಮಗುವನ್ನು 4ರಲ್ಲಿ ಕೂರಿಸಿ ಅನ್ನುವ ಮಾತಿಗೆ ಒಪ್ಪಬೇಕಿಲ್ಲ.

ಇದು ಒಂದೆರಡು ವಾರದ ಮಾತಲ್ಲ. ಮಕ್ಕಳಲ್ಲಿ ಹೆಚ್ಚು ಕಾಣುವ ರಕ್ತ ಕ್ಯಾನ್ಸರ್‌ಗೆ ಚಿಕಿತ್ಸೆ ಎರಡರಿಂದ ಮೂರು ವರ್ಷ ನಡೆಯುತ್ತದೆ. ಮೊದಲ ತಿಂಗಳುಗಳಲ್ಲಿ ಆಸ್ಪತ್ರೆ ಓಡಾಟ ಜಾಸ್ತಿ, ಆಮೇಲೆ ಮನೆಯಲ್ಲಿದ್ದುಕೊಂಡು ಮಾತ್ರೆ, ತಪಾಸಣೆ. ತೀವ್ರ ಥಲಸ್ಸೇಮಿಯಾ ಇರುವ ಮಕ್ಕಳು ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಹಾಕಿಸಿಕೊಳ್ಳಬೇಕು.

ಹಾಗಾಗಿ ಮೊದಲ ವಾರವೇ ಹೆಡ್‌ಮಾಸ್ಟರ್‌ಗೆ ಒಂದು ಪತ್ರ ಬರೆದು, ಡಾಕ್ಟರ್ ಸರ್ಟಿಫಿಕೇಟ್ ಜೆರಾಕ್ಸ್ ಲಗತ್ತಿಸಿ ಕೊಡಿ. ನಿಮ್ಮ ಪ್ರತಿಗೆ ಶಾಲೆಯ ಸೀಲು, ತಾರೀಕು ಹಾಕಿಸಿಕೊಳ್ಳಿ. ಬಾಯಿಮಾತಲ್ಲಿ ಹೇಳಿದರೆ ನಾಳೆ ಯಾರೂ ನೆನಪಿಟ್ಟುಕೊಳ್ಳಲ್ಲ. ಮಗುವಿನ ಎಸ್‌ಎಟಿಎಸ್ ನಂಬರ್ ಬರೆದಿಟ್ಟುಕೊಳ್ಳಿ. ಶಾಲೆ ಒಪ್ಪದಿದ್ದರೆ ಬಿಇಒ ಕಚೇರಿಗೆ ಅರ್ಜಿ ಕೊಡಿ.

ಆಸ್ಪತ್ರೆಯಲ್ಲೇ ಪಾಠ ಸಿಗುತ್ತಾ? ಕೆಲವು ಕಡೆ ಮಾತ್ರ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ ಕ್ಯಾನ್ಸರ್ ಮಕ್ಕಳಿಗೆ ಸಮೀಕ್ಷಾ ಫೌಂಡೇಶನ್ ಪಾಠ ಹೇಳಿಕೊಡುವ ಕೆಲಸ ಮಾಡಿಕೊಂಡು ಬಂದಿದೆ. ಮುಂಬೈನಲ್ಲಿ ಕ್ಯಾನ್‌ಕಿಡ್ಸ್ ಸಂಸ್ಥೆಯ ಕ್ಯಾನ್‌ಶಾಲಾ ಇದೆ. ಬೇರೆ ಆಸ್ಪತ್ರೆಯಾದರೆ ಅಲ್ಲಿನ ಸಮಾಜ ಕಾರ್ಯಕರ್ತರನ್ನು ವಿಚಾರಿಸಿ, ಕೇಳದೆ ಯಾರೂ ಹೇಳಲ್ಲ. ಇಂಗ್ಲೆಂಡಿನಲ್ಲಿ ಅನಾರೋಗ್ಯದಿಂದ ಮಗು 15 ದಿನ ಅಥವಾ ಹೆಚ್ಚು ಶಾಲೆಗೆ ಬರಲಾಗಲ್ಲ ಅಂತ ಗೊತ್ತಾದರೆ ಪಾಠದ ವ್ಯವಸ್ಥೆ ಮಾಡೋದು ಸ್ಥಳೀಯ ಆಡಳಿತದ ಹೊಣೆ. ನಮ್ಮ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಆಸ್ಪತ್ರೆಯಲ್ಲಿರುವ ಮಗುವಿನ ಬಗ್ಗೆ ನೇರವಾಗಿ ಒಂದು ಸಾಲೂ ಇಲ್ಲ.

ಸಮಗ್ರ ಶಿಕ್ಷಣ ಯೋಜನೆಯಲ್ಲಿ ಮನೆಗೇ ಬಂದು ಪಾಠ ಮಾಡುವ ಗೃಹಾಧಾರಿತ ಶಿಕ್ಷಣ ಇದೆ, ಬಿಆರ್‌ಸಿ ಕಚೇರಿಯ ಬಿಐಇಆರ್‌ಟಿ ಶಿಕ್ಷಕರನ್ನು ಕೇಳಬೇಕು. ಆದರೆ ಅದು ತೀವ್ರ ಅಂಗವೈಕಲ್ಯ ಇರುವ ಮಕ್ಕಳಿಗೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಯ ಪಟ್ಟಿಯಲ್ಲಿ ಥಲಸ್ಸೇಮಿಯಾ, ಹಿಮೋಫಿಲಿಯಾ, ಸಿಕಲ್ ಸೆಲ್ ಇವೆ. ಕ್ಯಾನ್ಸರ್ ಇಲ್ಲ. ಎರಡು ವರ್ಷ ಶಾಲೆ ತಪ್ಪುವ ಮಗುವೇ ಪಟ್ಟಿಯಿಂದ ಹೊರಗೆ, ಇದು ಯಾವ ಲೆಕ್ಕವೋ!

ಉಳಿದದ್ದು ಕ್ಲಾಸ್ ಟೀಚರ್ ಕೈಯಲ್ಲಿದೆ. ವಾರಕ್ಕೊಮ್ಮೆ ನೋಟ್ಸ್ ಫೋಟೋ ತೆಗೆದು ವಾಟ್ಸಾಪ್ ಮಾಡಲು ಕೇಳಿಕೊಳ್ಳಿ. ರಾಜ್ಯ ಪಠ್ಯಪುಸ್ತಕಗಳು ಪಠ್ಯಪುಸ್ತಕ ಸಂಘದ ವೆಬ್‌ಸೈಟಲ್ಲಿ ಉಚಿತವಾಗಿ ಸಿಗುತ್ತವೆ. ಮಗುವಿಗೆ ಸುಸ್ತಿದ್ದರೆ ದಿನಕ್ಕೆ ಅರ್ಧ ಗಂಟೆ ಸಾಕು, ಕೀಮೋ ದಿನ ಒತ್ತಾಯ ಬೇಡ.

ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಶೇ 75 ಹಾಜರಾತಿ ಬೇಕು. ವೈದ್ಯಕೀಯ ದಾಖಲೆ ಮೊದಲೇ ಕೊಟ್ಟು ವಿನಾಯಿತಿ ಬಗ್ಗೆ ಹೆಡ್‌ಮಾಸ್ಟರ್ ಹತ್ತಿರ ಮಾತಾಡಿ. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇರೋದರಿಂದ ಮೊದಲನೆಯದು ತಪ್ಪಿದರೂ ದಾರಿ ಇದೆ, ನೋಂದಣಿ ಮಾತ್ರ ಬಿಡಬೇಡಿ.

ವಾಪಸ್ ಶಾಲೆಗೆ ಯಾವಾಗ ಕಳಿಸಬೇಕು ಅಂತ ಡಾಕ್ಟರೇ ಹೇಳಬೇಕು. ಕೀಮೋ ನಡೆಯುತ್ತಿರುವಾಗ ತರಗತಿಯಲ್ಲಿ ಯಾರಿಗಾದರೂ ಚಿಕನ್‌ಪಾಕ್ಸ್ ಅಥವಾ ದಡಾರ ಬಂದರೆ ಅವತ್ತೇ ಆಸ್ಪತ್ರೆಗೆ ಫೋನ್ ಮಾಡಬೇಕು, ಶಾಲೆಯವರಿಗೂ ಇದನ್ನು ಹೇಳಿಟ್ಟಿರಿ. ಕೂದಲು ಉದುರಿದ ತಲೆಗೆ ಟೋಪಿ ಹಾಕಿಕೊಂಡು ಬರುವ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲು ಕೆಲವು ಮಕ್ಕಳು ಹೆದರಬಹುದು. ಕ್ಯಾನ್ಸರ್ ಅಂಟುವ ಕಾಯಿಲೆ ಅಲ್ಲ ಅಂತ ಟೀಚರ್ ತರಗತಿಯಲ್ಲಿ ಹಿಂದಿನ ದಿನವೇ ಹೇಳಿದ್ದರೆ ಒಳ್ಳೇದು.