ಸ್ವನಿರ್ಮಿತ ಲಘುವಿಮಾನ: ಯಂತ್ರವೈಫಲ್ಯ ಮತ್ತು ತುರ್ತು ಅವತರಣ

ಹವ್ಯಾಸಿಗಳು ನಕ್ಷೆಯನ್ನನುಸರಿಸಿ ಸ್ವಹಸ್ತದಿಂದ ಕಟ್ಟುವ ಲಘುವಿಮಾನಗಳಲ್ಲಿ, ಇಂಧನದ ಅಭಾವದಿಂದಲೋ, ಅದರಲ್ಲಿ ಬೆರೆತ ನೀರಿನಿಂದಲೋ, ಕಾರ್ಬುರೇಟರಿನೊಳಗೆ ಹೆಪ್ಪುಗಟ್ಟಿದ ಹಿಮದಿಂದಲೋ ಎಂಜಿನ್ ಆಕಾಶಮಧ್ಯದಲ್ಲಿ ಸ್ತಬ್ಧವಾಗುವುದುಂಟು. ಇಂತಹ ಹವ್ಯಾಸಿಗಳಿಗೆಂದೇ ಬರ್ಟ್ ರುಟಾನನು ರಚಿಸಿದ ಲಾಂಗ್-ಈಜೀ ವಿನ್ಯಾಸವನ್ನಾಧರಿಸಿ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವು ವಿಮಾನವೊಂದನ್ನು ನಿರ್ಮಿಸಿ 1987ರಲ್ಲಿ ಹಾರಿಸಿತು.

ಎಂಜಿನ್ ನಿಂತೊಡನೆ ವಿಮಾನವು ಬೀಳದು. ಮೂತಿಯನ್ನು ತಗ್ಗಿಸಿ ವೇಗವನ್ನು ಕಾಯ್ದುಕೊಂಡಲ್ಲಿ 1000 ಅಡಿ ಎತ್ತರದಿಂದ ಸುಮಾರು ಎರಡೂವರೆ ಕಿಲೋಮೀಟರ್ ದೂರ ತೇಲಿಹೋಗಬಲ್ಲುದು. ಮೇಲೇರುವಾಗ, ಇನ್ನೂ ತಗ್ಗಿನಲ್ಲಿರುವಾಗಲೇ, ಓಡುಪಥಕ್ಕೆ ಮರಳಲೆಂದು ಹೊರಳುವುದೇ ಪರಮಘಾತುಕ. ಇಳಿಯುವ ಸ್ಥಳವನ್ನು ಆಯುವಾಗ, ದಾವಣಗೆರೆ ಸೀಮೆಯಲ್ಲಾದರೆ, ಚನ್ನಗಿರಿಯ ದಟ್ಟವಾದ ಅಡಕೆ ತೋಟಗಳೂ ಹೊನ್ನಾಳಿ, ನ್ಯಾಮತಿಗಳ ಕೆಸರುಗದ್ದೆಗಳೂ ವರ್ಜ್ಯ. ಜಗಳೂರಿನ ಕೊಯ್ಲಾದ ಬೆದ್ದಲು ಹೊಲವೇ, ವಿದ್ಯುತ್ತಂತಿಗಳಿಲ್ಲದಿದ್ದರೆ, ಗಾಳಿಗೆದುರಾಗಿ ಇಳಿಯಲು ಯೋಗ್ಯ. 2023ರ ಮೇ ತಿಂಗಳಲ್ಲಿ ಬೆಳಗಾವಿಯ ಸಮೀಪ ತರಬೇತಿ ವಿಮಾನವೊಂದು ಹೀಗೆ ಹೊಲಕ್ಕಿಳಿದಾಗ ಅದರಲ್ಲಿದ್ದ ಇಬ್ಬರೂ ಬದುಕುಳಿದರು.