ಚಾಲಕನಿಲ್ಲದ ಕಾರಿನ ದೂರ ಪ್ರಯಾಣ ಮತ್ತು ನಮ್ಮ ರಸ್ತೆಗಳು

ಬೆಂಗಳೂರಿನಿಂದ ಹಿರಿಯೂರು ಮಾರ್ಗವಾಗಿ ಚಿತ್ರದುರ್ಗಕ್ಕೆ ಬರುವ ಹೆದ್ದಾರಿಯಲ್ಲಿ ನೀವು ಅನೇಕ ಬಾರಿ ಪ್ರಯಾಣ ಮಾಡಿರುತ್ತೀರಿ. ಹಿಂದೆ ನಾವು ಎನ್.ಎಚ್. 4 ಎಂದು ಕರೆಯುತ್ತಿದ್ದ ಈ ರಸ್ತೆಗೆ ಈಗ 48ನೆಯ ಸಂಖ್ಯೆ. ಚಿತ್ರದುರ್ಗ ಸಮೀಪಿಸಿದಂತೆ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುವುದು ಕಾಣುತ್ತದೆ. ಆ ಗುಡ್ಡಗಳ ಕೆಳಗಿನ ರಸ್ತೆಯಲ್ಲಿ ಈಗ ವಿದ್ಯುತ್ ಕಾರುಗಳೂ ಓಡಾಡುತ್ತಿವೆ. ಇನ್ನು ಅವುಗಳಿಗೆ ಚಾಲಕನೂ ಬೇಕಾಗುವುದಿಲ್ಲ ಎಂಬ ಸುದ್ದಿ ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಬರುತ್ತಿದೆ. ಇದನ್ನು ಓದಿ ಕೆಲವರಿಗೆ ಬೆರಗಾದರೆ ಕೆಲವರಿಗೆ ಭಯ. ಲಾರಿ, ಟ್ಯಾಕ್ಸಿ, ಗ್ಯಾರೇಜುಗಳನ್ನೇ ನಂಬಿ ಮಕ್ಕಳನ್ನು ಓದಿಸುತ್ತಿರುವ ಮನೆಗಳು ನಮ್ಮ ಓದುಗರಲ್ಲಿ ಕಡಿಮೆಯೇನಿಲ್ಲ. ಆದ್ದರಿಂದ ಇಂಥ ಪ್ರಯಾಣಗಳು ಇದುವರೆಗೆ ಎಲ್ಲಿಯವರೆಗೆ ಬಂದಿವೆ, ಎಲ್ಲಿ ನಿಂತಿವೆ ಎಂಬುದನ್ನು ತಿಳಿಯುವುದು ಒಳ್ಳೆಯದು.

ಮೋಟಾರು ಕಾರಿನ ಮೊದಲ ದೂರ ಪ್ರಯಾಣ ಮಾಡಿದವರು ಒಬ್ಬ ಮಹಿಳೆ. 1888ರ ಆಗಸ್ಟ್ ತಿಂಗಳಲ್ಲಿ ಜರ್ಮನಿಯ ಬೆರ್ತಾ ಬೆಂಜ್ ಅವರು ಪತಿ ಕಾರ್ಲ್ ಬೆಂಜ್ ನಿರ್ಮಿಸಿದ್ದ ಮೂರು ಚಕ್ರದ ವಾಹನದಲ್ಲಿ, ಪತಿಗೆ ತಿಳಿಸದೆಯೇ, ಇಬ್ಬರು ಗಂಡುಮಕ್ಕಳೊಂದಿಗೆ ತವರಿಗೆ ಹೊರಟರು. ದೂರ ಸುಮಾರು 105 ಕಿ.ಮೀ. ಅಂದರೆ ಚಿತ್ರದುರ್ಗದಿಂದ ಹೊರಟು ಹಿರಿಯೂರು, ಶಿರಾ ದಾಟಿ ಇನ್ನಷ್ಟು ಮುಂದೆ ಹೋದಷ್ಟು. ದಾರಿಯಲ್ಲಿ ಇಂಧನ ಮುಗಿದಾಗ ಒಂದು ಔಷಧಿ ಅಂಗಡಿಯಲ್ಲಿ ಬಟ್ಟೆಯ ಕಲೆ ತೆಗೆಯುವ ದ್ರವವನ್ನು ಕೊಂಡು ತುಂಬಿಸಿದರು. ಬ್ರೇಕಿನ ಕಟ್ಟಿಗೆ ಸವೆದಾಗ ಚಮ್ಮಾರನಿಂದ ಅದಕ್ಕೆ ಚರ್ಮ ಹೊಡೆಸಿದರು. ಅಂಗಳದಲ್ಲಿ ಓಡಿಸುತ್ತಿದ್ದಾಗ ಗೊತ್ತಾಗದ ಈ ಕೊರತೆಗಳೆಲ್ಲ ಆ ಒಂದು ಪ್ರಯಾಣದಲ್ಲಿ ಗೊತ್ತಾದವು. ಮುಂದೆ ಬಂದ ಪ್ರತಿಯೊಂದು ಹೊಸ ವಾಹನದ ಕಥೆಯೂ ಹೀಗೆಯೇ ಇದೆ ಎಂಬುದನ್ನು ಓದುಗರು ಗಮನಿಸಬೇಕು.

ವಿದ್ಯುತ್ ಕಾರು ಹೊಸದೆಂದು ಭಾವಿಸಬೇಡಿ. ಗಂಟೆಗೆ 100 ಕಿ.ಮೀ. ವೇಗವನ್ನು ಮೊದಲು ದಾಟಿದ ಕಾರು 1899ರಲ್ಲಿ ಓಡಿದ ಒಂದು ವಿದ್ಯುತ್ ಕಾರು. ಆದರೆ ಬ್ಯಾಟರಿ ಭಾರವಾಗಿತ್ತು, ಪೆಟ್ರೋಲ್ ಅಗ್ಗವಾಯಿತು. ವಿದ್ಯುತ್ ಕಾರು ಬಹುಕಾಲ ಮೂಲೆಗೆ ಸರಿಯಿತು.

ನಮ್ಮ ರಾಜ್ಯದ ಪಾಲು ಇಲ್ಲಿ ದೊಡ್ಡದು. ಬೆಂಗಳೂರಿನ ಚೇತನ್ ಮೈನಿ ಅವರು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯಾಗಿದ್ದಾಗ ಸಹಪಾಠಿಗಳ ಜೊತೆ ಸೌರಶಕ್ತಿಯ ಕಾರು ತಯಾರಿಸುವ ತಂಡದಲ್ಲಿದ್ದರು. 1990ರಲ್ಲಿ ಆ ಕಾರು ಫ್ಲಾರಿಡಾದಿಂದ ಮಿಷಿಗನ್‌ವರೆಗಿನ ಸ್ಪರ್ಧೆಯನ್ನು ಗೆದ್ದು, ಆಸ್ಟ್ರೇಲಿಯಾದಲ್ಲಿ ನಡೆದ ಜಾಗತಿಕ ಸ್ಪರ್ಧೆಯಲ್ಲಿ ಮೂರನೆಯ ಸ್ಥಾನ ಪಡೆಯಿತು. ಒಂದು ಖಂಡವನ್ನೇ ದಾಟಿದ ಆ ಅನುಭವ ಬೆಂಗಳೂರಿಗೆ ಬಂದು 2001ರಲ್ಲಿ 'ರೇವಾ' ಎಂಬ ಪುಟ್ಟ ಕಾರಾಯಿತು. ಇದು ಲಂಡನ್ನಿನ ಬೀದಿಗಳಲ್ಲಿಯೂ ಓಡಿತು. ಆದರೆ ಸೀಸದ ಬ್ಯಾಟರಿಯ ಈ ಕಾರು ಒಮ್ಮೆ ಚಾರ್ಜ್ ಮಾಡಿದರೆ ಓಡುತ್ತಿದ್ದುದು ಸುಮಾರು 80 ಕಿ.ಮೀ. ಬೆಂಗಳೂರಿನಿಂದ ತುಮಕೂರಿಗೇ 70 ಕಿ.ಮೀ. ಆಗುತ್ತದೆ. ಪೂರ್ತಿ ಚಾರ್ಜ್ ಆಗಲು ಏಳೆಂಟು ಗಂಟೆ ಬೇಕು. ಲೆಕ್ಕ ಹಾಕಿ ನೋಡಿ: 200 ಕಿ.ಮೀ. ದೂರದ ಚಿತ್ರದುರ್ಗಕ್ಕೆ ರೇವಾದಲ್ಲಿ ಹೊರಟವರು ದಾರಿಯಲ್ಲಿ ಎರಡು ರಾತ್ರಿ ತಂಗಬೇಕಾಗುತ್ತಿತ್ತು! ಎತ್ತಿನಗಾಡಿಯ ಕಾಲ ನೆನಪಾಗುತ್ತದೆ. ಅದಕ್ಕಾಗಿಯೇ ರೇವಾ ನಗರದ ಕಾರಾಗಿಯೇ ಉಳಿಯಿತು. 2010ರಲ್ಲಿ ಮಹೀಂದ್ರಾ ಕಂಪನಿ ರೇವಾದ ಹೆಚ್ಚಿನ ಪಾಲನ್ನು ಕೊಂಡಿತು. 2017ರಲ್ಲಿ ವಿದ್ಯುತ್ ವಾಹನಗಳಿಗಾಗಿ ಪ್ರತ್ಯೇಕ ನೀತಿಯನ್ನು ತಂದ ದೇಶದ ಮೊದಲ ರಾಜ್ಯ ಕರ್ನಾಟಕ.

ಈಗ ಲಿಥಿಯಂ ಬ್ಯಾಟರಿಯ ಕಾರುಗಳು ಬೆಂಗಳೂರಿನಿಂದ ಚಿತ್ರದುರ್ಗಕ್ಕೆ ಒಂದೇ ಚಾರ್ಜಿನಲ್ಲಿ ಬರುತ್ತವೆ, ಕೆಲವು ಹಿಂದಿರುಗಲೂ ಬಲ್ಲವು. ಹೆದ್ದಾರಿ ಬಿಟ್ಟು ಹೊಳಲ್ಕೆರೆ, ಹೊಸದುರ್ಗದ ಕಡೆ ತಿರುಗುವವರು ಮಾತ್ರ ಚಾರ್ಜಿಂಗ್ ಎಲ್ಲಿದೆ ಎಂದು ಮೊದಲೇ ವಿಚಾರಿಸಿಕೊಂಡು ಹೊರಡುವುದು ಕ್ಷೇಮ. ಹೀಗೆ ಬ್ಯಾಟರಿಯ ಪ್ರಶ್ನೆಗೆ ಬಹುಮಟ್ಟಿಗೆ ಉತ್ತರ ಸಿಕ್ಕಿದೆ. ಉಳಿದಿರುವುದು ಚಾಲಕನ ಪ್ರಶ್ನೆ.

1995ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಪಿಟ್ಸ್‌ಬರ್ಗ್‌ನಿಂದ ಸ್ಯಾನ್ ಡಿಯಾಗೋವರೆಗೆ ಸುಮಾರು 4,500 ಕಿ.ಮೀ. ಪ್ರಯಾಣ ಮಾಡಿದರು. ಅದರಲ್ಲಿ ಶೇಕಡಾ 98ರಷ್ಟು ದೂರ ಸ್ಟಿಯರಿಂಗ್ ತಿರುಗಿಸಿದ್ದು ಕಂಪ್ಯೂಟರ್. ಬ್ರೇಕ್ ಮತ್ತು ಆಕ್ಸಿಲರೇಟರ್ ಮಾತ್ರ ಮನುಷ್ಯರ ಕಾಲಿನಲ್ಲೇ ಇದ್ದವು. ಇಷ್ಟಾದ ಮೇಲೆ ಇನ್ನೇನು ಬಂದೇ ಬಿಟ್ಟಿತು ಎಂದುಕೊಂಡರು. ಆದರೆ 2004ರಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಮರುಭೂಮಿಯಲ್ಲಿ ಚಾಲಕರಹಿತ ವಾಹನಗಳ ಸ್ಪರ್ಧೆ ಏರ್ಪಡಿಸಿದಾಗ ಅತಿ ದೂರ ಹೋದ ವಾಹನ ಕ್ರಮಿಸಿದ್ದು 12 ಕಿ.ಮೀ.ಗಿಂತ ಕಡಿಮೆ! ಮರು ವರ್ಷವೇ ಐದು ವಾಹನಗಳು 212 ಕಿ.ಮೀ. ಪೂರೈಸಿದವು ಎಂಬುದೂ ನಿಜ. 2016ರಲ್ಲಿ ಟೆಸ್ಲಾ ಕಂಪನಿಯ ಎಲಾನ್ ಮಸ್ಕ್ ತಮ್ಮ ವಿದ್ಯುತ್ ಕಾರು ಮರುವರ್ಷದ ಕೊನೆಯೊಳಗೆ ಲಾಸ್ ಏಂಜಲೀಸ್‌ನಿಂದ ನ್ಯೂಯಾರ್ಕ್‌ಗೆ ತಾನಾಗಿಯೇ ಹೋಗಲಿದೆ ಎಂದು ಘೋಷಿಸಿದರು. ಆ ವರ್ಷ ಅದು ಹೊರಡಲೇ ಇಲ್ಲ. 2025ರಲ್ಲಿ ಇಬ್ಬರು ಉತ್ಸಾಹಿಗಳು ಅದೇ ಕಂಪನಿಯ ಕಾರಿನಲ್ಲಿ ಅಮೆರಿಕವನ್ನು ದಾಟಲು ಹೊರಟು, ನೂರು ಕಿಲೋಮೀಟರಿನ ಆಸುಪಾಸಿನಲ್ಲೇ ರಸ್ತೆಯ ಮೇಲೆ ಬಿದ್ದಿದ್ದ ಲೋಹದ ವಸ್ತುವಿಗೆ ಕಾರು ಬಡಿದು ಹಾನಿಗೊಳಗಾಯಿತು. ಅದೇ ವರ್ಷದ ಕೊನೆಯಲ್ಲಿ ಇನ್ನೊಬ್ಬರು ಸ್ಟಿಯರಿಂಗ್ ಮುಟ್ಟದೆ ದಾಟಿದರೆಂದು ವರದಿಯಾಯಿತು. ಆದರೆ ಅವರೂ ಚಾಲಕನ ಆಸನದಲ್ಲಿ, ರಸ್ತೆಯ ಮೇಲೆ ಕಣ್ಣಿಟ್ಟು ಕುಳಿತೇ ಇದ್ದರು.

ಚಾಲಕನಿಲ್ಲದ ವಾಹನ ನಮ್ಮ ಜಿಲ್ಲೆಗೆ ಬಂದೇ ಇಲ್ಲವೇ ಎಂದು ನೀವು ಕೇಳಬಹುದು. ಬಂದಿದೆ, ಆದರೆ ಆಕಾಶದಲ್ಲಿ. ಚಳ್ಳಕೆರೆ ತಾಲ್ಲೂಕಿನ ವೈಮಾನಿಕ ಪರೀಕ್ಷಾ ನೆಲೆಯಲ್ಲಿ 2016ರಿಂದ ಪೈಲಟ್ ರಹಿತ ವಿಮಾನಗಳ ಪರೀಕ್ಷೆ ನಡೆದಿದೆ. 2023ರ ಏಪ್ರಿಲ್ 2ರಂದು ಇಸ್ರೋ ಸಂಸ್ಥೆಯ ರೆಕ್ಕೆಯುಳ್ಳ ವಾಹನವೊಂದನ್ನು ಹೆಲಿಕಾಪ್ಟರಿನಿಂದ ಸುಮಾರು ನಾಲ್ಕೂವರೆ ಕಿ.ಮೀ. ಎತ್ತರದಲ್ಲಿ ಬಿಟ್ಟಾಗ, ಅದು ತನ್ನ ದಾರಿಯನ್ನು ತಾನೇ ಲೆಕ್ಕ ಹಾಕಿಕೊಂಡು ಇಲ್ಲಿನ ಓಡುದಾರಿಗೆ ಇಳಿಯಿತು. 2024ರಲ್ಲಿ ಇನ್ನೂ ಎರಡು ಬಾರಿ ಇಳಿಯಿತು. ವಿಮಾನಕ್ಕಿಂತ ಕಾರು ಸುಲಭವಲ್ಲವೇ? ಅಲ್ಲ. ಓಡುದಾರಿ ಖಾಲಿಯಾಗಿರುತ್ತದೆ, ಬೇಲಿ ಇರುತ್ತದೆ, ಎದುರಿನಿಂದ ಯಾರೂ ಬರುವುದಿಲ್ಲ.

ಸುಗ್ಗಿಯ ಕಾಲದಲ್ಲಿ ಹೊಸದುರ್ಗ, ಹೊಳಲ್ಕೆರೆ ಕಡೆಯ ರಸ್ತೆಗಳನ್ನು ನೆನಪಿಸಿಕೊಳ್ಳಿ. ರಾಗಿ, ಹುರುಳಿಯನ್ನು ರಸ್ತೆಯ ಮೇಲೆ ಹರಡಿ, ಹೋಗಿ ಬರುವ ವಾಹನಗಳ ಚಕ್ರಗಳಿಂದಲೇ ಒಕ್ಕಣೆ ಮಾಡಿಸುತ್ತಾರೆ. ನಮ್ಮ ಡ್ರೈವರ್ ಅದನ್ನು ದೂರದಿಂದಲೇ ಗುರುತಿಸಿ, ಗೇರ್ ಇಳಿಸಿ, ಅಂಚಿನಲ್ಲಿ ನಿಂತ ಹೆಂಗಸರನ್ನು ನೋಡಿಕೊಂಡು ದಾಟುತ್ತಾನೆ. ಕ್ಯಾಮೆರಾದ ಕಣ್ಣಿಗೆ ಅದು ತಡೆಯೋ, ಮಣ್ಣೋ, ರಸ್ತೆಯೋ? ಕುರಿ ಮಂದೆ ಬಂದರೆ ಕುರಿಗಾಹಿ ಕೈ ಎತ್ತುತ್ತಾನೆ. ಆ ಕೈ 'ನಿಲ್ಲು' ಎನ್ನುತ್ತಿದೆಯೋ 'ಹೋಗು' ಎನ್ನುತ್ತಿದೆಯೋ ಎಂದು ನಮಗೆ ಯಾರೂ ಪಾಠ ಹೇಳಿಕೊಟ್ಟಿಲ್ಲ, ಆದರೂ ಗೊತ್ತು. ಬಣ್ಣವಿಲ್ಲದ ಹಂಪ್, ಹಿಂದೆ ದೀಪವಿಲ್ಲದ ಟ್ರೈಲರ್, ಹೆದ್ದಾರಿಯಲ್ಲೇ ಎದುರು ದಿಕ್ಕಿನಿಂದ ಬರುವ ಬೈಕು ಇವೆಲ್ಲ ಸೇರಿದರೆ ನಮ್ಮ ರಸ್ತೆಯಾಗುತ್ತದೆ. ಚಾಲಕನ ನೆರವಿಗೆಂದು ಈಗಿನ ಕೆಲವು ಕಾರುಗಳಲ್ಲಿರುವ ವ್ಯವಸ್ಥೆ ಹಿರಿಯೂರು-ಚಿತ್ರದುರ್ಗದ ನಡುವೆ ಬಿಳಿ ಗೆರೆ ಹಿಡಿದು ಸಾಗೀತು. ಗೆರೆಯಿಲ್ಲದ ಕಡೆ ಸ್ಟಿಯರಿಂಗ್ ನಮ್ಮ ಕೈಗೇ ಬರುತ್ತದೆ.

ಪ್ರಯತ್ನಗಳು ನಿಂತಿಲ್ಲ. 2025ರ ಅಕ್ಟೋಬರ್‌ನಲ್ಲಿ ವಿಪ್ರೊ, ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಬೆಂಗಳೂರಿನ ಆರ್.ವಿ. ಇಂಜಿನಿಯರಿಂಗ್ ಕಾಲೇಜು ಸೇರಿ ರೂಪಿಸಿದ ಚಾಲಕರಹಿತ ಕಾರಿನ ಮಾದರಿ ಕಾಲೇಜಿನ ಆವರಣದಲ್ಲಿ ಓಡಿತು. ಇನ್ನೊಂದೆಡೆ, ಚಾಲಕರ ಉದ್ಯೋಗ ಹೋಗುತ್ತದೆಂಬ ಕಾರಣ ಕೊಟ್ಟು ಇಂಥ ಕಾರುಗಳಿಗೆ ದೇಶದಲ್ಲಿ ಅವಕಾಶ ಕೊಡುವುದಿಲ್ಲ ಎಂದು ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿ 2017ರಲ್ಲಿಯೂ 2023ರಲ್ಲಿಯೂ ಹೇಳಿದರು.

ನನ್ನ ಅಭಿಪ್ರಾಯದಲ್ಲಿ ನಾವು ಭಯಪಡುತ್ತಿರುವುದು ತಪ್ಪು ಕಡೆಗೆ. ಡ್ರೈವರನ ಕೆಲಸಕ್ಕೆ ಸದ್ಯ ಅಪಾಯವಿಲ್ಲ, ಅವನನ್ನು ನಮ್ಮ ರಸ್ತೆಗಳೇ ಕಾಯುತ್ತಿವೆ. ಬದಲಾವಣೆ ಮೊದಲು ಬರುವುದು ಗ್ಯಾರೇಜಿಗೆ. ವಿದ್ಯುತ್ ಕಾರಿಗೆ ಕ್ಲಚ್ ಇಲ್ಲ, ಇಂಜಿನ್ ಆಯಿಲ್ ಇಲ್ಲ, ಸೈಲೆನ್ಸರ್ ಇಲ್ಲ. ಹತ್ತನೆಯ ತರಗತಿ ಬಿಟ್ಟು ಉಸ್ತಾದರ ಕೈಕೆಳಗೆ ಸ್ಪ್ಯಾನರ್ ಹಿಡಿದು ಕಲಿಯುತ್ತಿರುವ ಹುಡುಗನಿಗೆ ಈ ಕಾರಿನ ಬಾನೆಟ್ಟಿನ ಒಳಗೆ ಪರಿಚಿತವಾದದ್ದು ಕಡಿಮೆ. ನೋಡಿ ಕಲಿಯುತ್ತೇನೆ ಎನ್ನುವಂತೆಯೂ ಇಲ್ಲ, ಏಕೆಂದರೆ ಬ್ಯಾಟರಿಯಲ್ಲಿ ಮುನ್ನೂರು ನಾನೂರು ವೋಲ್ಟ್ ಇರುತ್ತದೆ. ಐ.ಟಿ.ಐ. ತರಬೇತಿಗಳ ಪಟ್ಟಿಯಲ್ಲಿ ಈಗ 'ಮೆಕ್ಯಾನಿಕ್ ಎಲೆಕ್ಟ್ರಿಕ್ ವೆಹಿಕಲ್' ಎಂಬ ವೃತ್ತಿ ಸೇರಿದೆ. ಗ್ಯಾರೇಜು ಇರುವ ಮನೆಯ ಮಕ್ಕಳು, ಆ ಕೋರ್ಸ್ ತಮ್ಮ ಹತ್ತಿರದ ಐ.ಟಿ.ಐ.ಯಲ್ಲಿ ಇದೆಯೇ ಎಂದು ಪ್ರವೇಶದ ದಿನಗಳು ಮುಗಿಯುವ ಮೊದಲು ಹೋಗಿ ಕೇಳಬೇಕು.